ಆಗಸ್ಟ್ ಬಿಸಿಲಿನಲ್ಲಿ ಹತ್ತೊಂಬತ್ತು ಬೋಗುಣಿ ಬಿಂಗ್ಸು: ನನ್ನ ಅನುಭವ

ಆಗಸ್ಟ್ ತಿಂಗಳಿನಲ್ಲಿ ಕೊರಿಯಾಕ್ಕೆ ಹೋಗುತ್ತೇವೆ, ಮಧ್ಯಾಹ್ನ ಊಟದ ಬದಲು ಬಿಂಗ್ಸು, ಅಂದರೆ ಕಾಳು, ಹಣ್ಣು ಹಾಕಿದ ಹೆರೆದ ಐಸು, ತಿನ್ನುತ್ತೇವೆ ಎಂದು ನಾನು ಹೇಳಿದಾಗ ಮನೆಯಲ್ಲಿ ಒಬ್ಬರೂ ಒಪ್ಪಲಿಲ್ಲ. ಚೆರಿ ಹೂ ಅರಳುವ ಕಾಲದಲ್ಲಿ ಹೋಗಿ ಬಂದಿದ್ದ ಗೆಳೆಯರು ಆ ಸೆಕೆಯಲ್ಲಿ ಊರು ನೋಡುವುದಕ್ಕೇ ಆಗುವುದಿಲ್ಲ ಎಂದರು. ವೈದ್ಯನಾಗಿರುವ ನನ್ನ ಭಾವಮೈದುನ, ದಿನಕ್ಕೆರಡು ಬಾರಿ ಐಸು ತಿಂದರೆ ಮೂರನೆಯ ದಿನಕ್ಕೆ ಇಬ್ಬರ ಗಂಟಲೂ ಕಟ್ಟುತ್ತದೆ ಎಂದ. ಅವರ ಮಾತಿಗೆ ಆಧಾರವಿರಲಿಲ್ಲ ಎಂದಲ್ಲ. ಅದಕ್ಕೂ ಹಿಂದಿನ ವರ್ಷ ನಾವು ಇದೇ ಆಸೆಯಿಂದ ಹೋಗಿ ಸೋತು ಬಂದಿದ್ದೆವು. ಆದರೆ 2024ರ ಆಗಸ್ಟ್ 8ರಿಂದ 18ರವರೆಗಿನ ಹನ್ನೊಂದು ದಿನಗಳಲ್ಲಿ ನಾನೂ ನನ್ನ ಪತ್ನಿಯೂ ಸೇರಿ ಹತ್ತೊಂಬತ್ತು ಬೋಗುಣಿ ಮುಗಿಸಿದೆವು. ಗಂಟಲು ಕಟ್ಟಲಿಲ್ಲ, ಹೊಟ್ಟೆ ಕೆಡಲಿಲ್ಲ, ಸಸ್ಯಾಹಾರದ ನಿಯಮ ಒಮ್ಮೆಯೂ ಮುರಿಯಲಿಲ್ಲ. ಆದ್ದರಿಂದ ನಾವು ಮಾಡಿದ ಕ್ರಮವನ್ನು ಬರೆದಿಡುತ್ತಿದ್ದೇನೆ.

ಮೊದಲು ಸೋಲಿನ ಕಥೆ. 2023ರಲ್ಲಿ ನಾವು ಜುಲೈ ಮಧ್ಯದಲ್ಲಿ ಹೋದೆವು. ಅದು ಜಾಂಗ್ಮಾ, ಅಂದರೆ ಅಲ್ಲಿನ ಮಳೆಗಾಲ. ಆ ವರ್ಷದ ಮಳೆ ಎಂಥದ್ದಿತ್ತೆಂಬುದು ಆಗ ಅಲ್ಲಿದ್ದವರಿಗೆಲ್ಲ ಗೊತ್ತಿದೆ. ನೆಂದ ಬಟ್ಟೆಯಲ್ಲಿ ಹವಾನಿಯಂತ್ರಿತ ಕೆಫೆಯೊಳಗೆ ಕುಳಿತು ಐಸು ತಿನ್ನುವುದು ಸುಖವಲ್ಲ, ಶಿಕ್ಷೆ. ಎರಡನೆಯ ತಪ್ಪು ಇನ್ನೂ ದೊಡ್ಡದು. ಬಂದ ಮರುದಿನವೇ ದೊಡ್ಡ ಹೋಟೆಲೊಂದರ ಮಾವಿನ ಬಿಂಗ್ಸು ತಿಂದೆವು. ಜೆಜು ದ್ವೀಪದ ಆ್ಯಪಲ್ ಮ್ಯಾಂಗೊ ಹಾಕಿ ಶಿಲ್ಲಾ ಹೋಟೆಲು 2008ರಲ್ಲಿ ಜೆಜುವಿನಲ್ಲಿ ಆರಂಭಿಸಿದ ಈ ಪದ್ಧತಿಯನ್ನು ಈಗ ಸೋಲ್ ನಗರದ ದೊಡ್ಡ ಹೋಟೆಲುಗಳೆಲ್ಲ ಅನುಸರಿಸುತ್ತವೆ. 2023ರಲ್ಲಿ ಶಿಲ್ಲಾದ ಬೆಲೆ 98,000 ವೋನ್ ಇತ್ತು, 2024ಕ್ಕೆ ಅದು 1,02,000 ಆಯಿತು. ಹಣ್ಣು ಚೆನ್ನಾಗಿಯೇ ಇತ್ತು, ಆದರೆ ಬಾದಾಮಿ ಮತ್ತು ರಸಪುರಿ ತಿಂದು ಬೆಳೆದ ನಾಲಿಗೆಗೆ ಅದು ಬೆರಗು ಹುಟ್ಟಿಸುವ ಹಣ್ಣಲ್ಲ. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ಆರು ಸಾವಿರ ರೂಪಾಯಿ ಮೀರಿದ ಆ ಬೋಗುಣಿಯ ನಂತರ ಉಳಿದವನ್ನೆಲ್ಲ ಅದರ ಪಕ್ಕದಲ್ಲಿಟ್ಟು ತೂಗುವ ಅಭ್ಯಾಸ ಬಂದುಬಿಟ್ಟಿತು. ಮೂರನೆಯ ತಪ್ಪು, ರಾತ್ರಿ ಹೊಟ್ಟೆ ತುಂಬ ಉಂಡ ಮೇಲೆ ತಿಂದದ್ದು. ಇಬ್ಬರಿಗೆ ಒಂದೆಂದು ತರಿಸಿದರೂ ಅರ್ಧ ಕರಗಿ ಹಾಲಿನ ನೀರಾಗಿ ಉಳಿಯುತ್ತಿತ್ತು. ಪತ್ನಿಗೆ ನಾಲ್ಕನೆಯ ದಿನ ನೆಗಡಿ ಬಂತು, ಉಳಿದ ದಿನಗಳು ಸೂಪು ಹುಡುಕುವುದರಲ್ಲಿ ಕಳೆದವು. ಮೀನಿನ ಸಾರಿಲ್ಲದ ಸೂಪು ಹುಡುಕುವ ಕಷ್ಟವನ್ನು ಸಸ್ಯಾಹಾರಿಗಳಿಗೆ ನಾನು ವಿವರಿಸಬೇಕಾಗಿಲ್ಲ.

ಊರಿಗೆ ಮರಳಿ ಯೋಚಿಸಿದಾಗ ಹೊಳೆದದ್ದು ಒಂದೇ ಮಾತು: ಬಿಂಗ್ಸುವನ್ನು ಊಟದ ಮೇಲಿನ ಸಿಹಿಯಾಗಿ ಅಲ್ಲ, ಮಧ್ಯಾಹ್ನದ ಆಹಾರವಾಗಿಯೇ ಎಣಿಸಬೇಕು. ಬೇಯಿಸಿದ ಕೆಂಪು ಕಾಳು, ತೊಕ್ ಎಂಬ ಅಕ್ಕಿಯ ಅಂಟುಕಡುಬು, ಹುರಿದ ಸೋಯಾ ಹಿಟ್ಟು ಮತ್ತು ಹಾಲು ಅದರಲ್ಲಿವೆ. ಹೋಳಿಗೆ, ಹಾಲು ಊಟ ಮಾಡುವ ನಮಗೆ ಇದನ್ನು ಊಟವೆನ್ನಲು ಸಂಕೋಚವೇಕೆ? ಕಿಮ್ಚಿಯಲ್ಲಿ ಮೀನಿನ ರಸವಿರುವ, ತರಕಾರಿ ಎಂದು ಕೇಳಿದರೂ ಒಣಮೀನಿನ ಸಾರು ಬಂದು ಕೂರುವ ನಾಡಿನಲ್ಲಿ, ಕಾಳಿನ ಬಿಂಗ್ಸುವಿನಷ್ಟು ನಂಬಿಕೆಯಿಂದ ತಿನ್ನಬಹುದಾದದ್ದು ಬೇರೆ ಅಪರೂಪ. ಜೆಲ್ಲಿ ಮತ್ತು ಮಾರ್ಷ್‌ಮೆಲೊ ಹಾಕಿದವುಗಳಲ್ಲಿ ಮಾತ್ರ ಜೆಲಾಟಿನ್ ಇರುತ್ತದೆಂದು ಎಣಿಸಿ ದೂರವಿಡಬೇಕು. ಮೊದಲ ಪ್ರವಾಸದಲ್ಲಿ ಒಂದು ಪ್ರವಾಸಿ ಬೀದಿಯ ಅಂಗಡಿಯಲ್ಲಿ ಬಣ್ಣಬಣ್ಣದ ಜೆಲ್ಲಿ ಸುರಿದ ಬೋಗುಣಿಯನ್ನು 14,000 ವೋನ್ ಕೊಟ್ಟೂ ಮುಟ್ಟದೆ ಬಿಟ್ಟು ಎದ್ದಿದ್ದೆವು. ಹಣ್ಣು ಕೂಡ ಡಬ್ಬಿಯದು.

ಎರಡನೆಯ ಬಾರಿ ಕಾಲವನ್ನು ನೋಡಿ ಹೊರಟೆವು. ಜಾಂಗ್ಮಾ ಮುಗಿದು, ಸಂಬೊಕ್ ಎಂಬ ಮೂರು ಕಡುಸೆಕೆಯ ದಿನಗಳಲ್ಲಿ ಕೊನೆಯದಾದ ಮಾಲ್‌ಬೊಕ್ ನಡುವೆ ಬರುವಂತೆ ದಿನಗಳನ್ನು ಹಿಡಿದೆವು. 2024ರಲ್ಲಿ ಅದು ಆಗಸ್ಟ್ 14ರಂದು ಇತ್ತು. ಆ ಬೇಸಿಗೆ ಸೋಲ್‌ನಲ್ಲಿ ರಾತ್ರಿಯ ಉಷ್ಣಾಂಶ 25 ಡಿಗ್ರಿಗಿಂತ ಕೆಳಗಿಳಿಯದ ದಿನಗಳು ಒಂದರ ಮೇಲೊಂದು ಬಂದು ಹಿಂದಿನ ದಾಖಲೆಯನ್ನೇ ಮುರಿದವು. ಬೆಳಿಗ್ಗೆ ಏಳಕ್ಕೆ ಹೊರಬಿದ್ದು ಹನ್ನೆರಡೂವರೆಯೊಳಗೆ ನೋಡುವುದನ್ನೆಲ್ಲ ನೋಡಿ ಮುಗಿಸುತ್ತಿದ್ದೆವು. ಒಂದೂವರೆಯಿಂದ ನಾಲ್ಕರವರೆಗೆ ಬಿಂಗ್ಸು, ಆರರ ಮೇಲೆ ಮತ್ತೆ ನಡಿಗೆ. ಮೂವತ್ತನಾಲ್ಕು ಡಿಗ್ರಿಯ ಸೆಕೆ ನಮಗೆ ಅಡ್ಡಿಯಾಗಲಿಲ್ಲ; ಆ ಸೆಕೆಯಿಲ್ಲದಿದ್ದರೆ ಐಸಿಗೆ ಆ ರುಚಿಯೇ ಇರುತ್ತಿರಲಿಲ್ಲ.

ಗಂಟಲಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಬೆವರಿಳಿಯುತ್ತಿರುವಾಗ ಮೊದಲ ಚಮಚ ಬಾಯಿಗೆ ಹೋಗಬಾರದು. ಒಳಗೆ ಹೋಗಿ ಕುಳಿತು, ಬೆವರು ಆರಲು ಹತ್ತು ನಿಮಿಷ ಬಿಟ್ಟು ಆಮೇಲೆ ತಿಂಡಿ ತರಿಸುವ ಯಂತ್ರವಾದ ಕಿಯಾಸ್ಕಿಗೆ ಹೋಗುತ್ತಿದ್ದೆ. ಗಾಳಿ ನೇರವಾಗಿ ಬೀಸುವ ಮೇಜನ್ನು ಎಷ್ಟೇ ಚೆಂದದ ಕಿಟಕಿಯಿದ್ದರೂ ಬಿಡುತ್ತಿದ್ದೆವು. ಫ್ಲಾಸ್ಕಿನಲ್ಲಿ ಬೆಚ್ಚಗಿನ ಬೊರಿಚಾ, ಅಂದರೆ ಬಾರ್ಲಿ ಚಹಾ ಸದಾ ಇರುತ್ತಿತ್ತು. ಇದರ ಜೊತೆಗೆ ನಾನು ಮಾಡುತ್ತಿದ್ದ ಇನ್ನೊಂದು ಕೆಲಸವಿದೆ. ನಮ್ಮ ಮಲೆನಾಡಿನ ಅಜ್ಜಿಯೊಬ್ಬರು ಕಲಿಸಿದ್ದು. ಅದನ್ನು ಇಲ್ಲಿ ಹೇಳುವುದಿಲ್ಲ, ಭಾವಮೈದುನನಿಗೂ ಇನ್ನೂ ಹೇಳಿಲ್ಲ.

ತಿನ್ನುವ ಅನುಕ್ರಮದಲ್ಲಿ ನಾವು ಈ ಬಾರಿ ಕೆಳಗಿನಿಂದ ಮೇಲಕ್ಕೆ ಹೋದೆವು: ಮೊದಲು ಬರಿಯ ಕಾಳಿನ ಪಾತ್‌ಬಿಂಗ್ಸು, ನಂತರ ಹಿಟ್ಟಿನದು, ಹಣ್ಣಿನದು ಕೊನೆಗೆ. ಕಾಳು ತಿಳಿಯದವರಿಗೆ ಬಿಂಗ್ಸು ತಿಳಿಯುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಳ್ಳೆಯ ಅಂಗಡಿಯಲ್ಲಿ ಕಾಳು ಬೆಂದಿದ್ದರೂ ಆಕಾರ ಬಿಟ್ಟಿರುವುದಿಲ್ಲ, ಸಿಪ್ಪೆ ಹಲ್ಲಿಗೆ ಒಮ್ಮೆ ತಾಗಿ ಕರಗುತ್ತದೆ, ಸಿಹಿ ನಮ್ಮ ಹೂರಣದ ಅರ್ಧದಷ್ಟೂ ಇರುವುದಿಲ್ಲ. ಡಬ್ಬಿಯ ಕಾಳು ಮಿರಮಿರ ಹೊಳೆಯುತ್ತದೆ ಮತ್ತು ಮೂರನೆಯ ಚಮಚಕ್ಕೆ ಬಾಯಿ ಕಟ್ಟುತ್ತದೆ. ಜೊಂಜು ನಗರದ ಹನೋಕ್ ಎಂಬ ಹಳೆಯ ಮಾದರಿಯ ಮನೆಗಳ ಕೇರಿಯಲ್ಲಿ ಕರಿ ಎಳ್ಳಿನ ಪುಡಿ ಸುರಿದ ಪಾತ್‌ಬಿಂಗ್ಸು ಸಿಗುತ್ತದೆ. ಎಳ್ಳುಂಡೆಯ ವಾಸನೆ ಐಸಿನಿಂದ ಏಳುವುದನ್ನು ಕಂಡು ನನ್ನ ಪತ್ನಿ ಕಣ್ಣು ಮುಚ್ಚಿ ಕುಳಿತಳು. ಅಲ್ಲಿ ಒಂದೇ ದಿನ ಎರಡು ಬೋಗುಣಿ ತರಿಸಿದೆವು.

ಬೆರೆಸಬೇಕೋ ಬೇಡವೋ ಎಂಬ ಹಳೆಯ ವಾದಕ್ಕೆ ನನ್ನ ಉತ್ತರ ಐಸನ್ನು ನೋಡಿ ಬದಲಾಗುತ್ತದೆ. ಗಡ್ಡೆಯಿಂದ ಹೆರೆದ ಹರಳುಹರಳಾದ ಹಳೆಯ ಮಾದರಿಯನ್ನು ಪೂರ್ತಿ ಕಲಸಿಯೇ ತಿನ್ನಬೇಕು. ಆ ನೀರಿನ ಐಸಿಗೆ ತನ್ನದೇ ರುಚಿಯಿಲ್ಲ. ಡ್ರಮ್ಮಿನ ಮೇಲೆ ಹಾಲು ಹೆಪ್ಪುಗಟ್ಟಿಸಿ ಹೆರೆಯುವ ನೂನ್‌ಕೋತ್, ಅಂದರೆ ಹಿಮಹೂವಿನ ಮಾದರಿಯನ್ನು ಕಲಸಿದರೆ ಎರಡೇ ನಿಮಿಷದಲ್ಲಿ ಮಿಲ್ಕ್‌ಶೇಕ್ ಆಗುತ್ತದೆ. ಅದನ್ನು ಅಂಚಿನಿಂದ ಒಳಗೆ ಕೊರೆಯುತ್ತ ಹೋಗಬೇಕು, ಕಂಡೆನ್ಸ್‌ಡ್ ಮಿಲ್ಕನ್ನು ಮೂರು ಪಾಲಿನಲ್ಲಿ ಹಾಕಿಕೊಳ್ಳಬೇಕು. ಸೋಯಾ ಹಿಟ್ಟಿನಲ್ಲಿ ಹೊರಳಿಸಿದ ತೊಕ್ ಹಾಕುವ ಇಂಜೋಲ್ಮಿ ಬಿಂಗ್ಸುವಿನ ಆ ಹಿಟ್ಟನ್ನು ಚಮಚದಲ್ಲಿ ಎತ್ತಿ ಬಾಯಿಗಿಡುವಾಗ ಉಸಿರು ಎಳೆಯಬಾರದು. ಮೊದಲ ಸಲ ನಾನು ಐದು ನಿಮಿಷ ಕೆಮ್ಮಿದ್ದೇನೆ. ಈ ಇಂಜೋಲ್ಮಿಯನ್ನು ನಾಡಿನಾದ್ಯಂತ ಜನಪ್ರಿಯಗೊಳಿಸಿದ ಸುಲ್‌ಬಿಂಗ್ 2013ರಲ್ಲಿ ಆರಂಭವಾದದ್ದು ಬುಸಾನ್‌ನಲ್ಲಿ. ಸರಣಿ ಅಂಗಡಿಯೆಂದು ಮೂಗು ಮುರಿಯುವವರಿದ್ದಾರೆ. ನನ್ನ ನೆನಪಿನಂತೆ ಒಂಬತ್ತು, ಹತ್ತು ಸಾವಿರ ವೋನಿಗೆ ಇಬ್ಬರ ಹೊಟ್ಟೆ ತುಂಬಿಸುವ ಅಷ್ಟು ಹದವಾದ ಹಾಲಿನ ಐಸು ಹುಡುಕಿದರೂ ಸುಲಭವಾಗಿ ಸಿಗುವುದಿಲ್ಲ.

ಬುಸಾನ್ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು, ಏಕೆಂದರೆ ನಮ್ಮ ಕ್ರಮ ಕೈಗೂಡಿತೆಂದು ನನಗೆ ಖಾತ್ರಿಯಾದದ್ದು ಅಲ್ಲಿ. ಅಲ್ಲಿನ ಹಳೆಯ ಅಂಗಡಿಗಳಲ್ಲಿ ಅಲಂಕಾರವಿಲ್ಲ. ಐಸು, ಮೇಲೊಂದು ದೊಡ್ಡ ಸೌಟು ಕಾಳು, ಸ್ವಲ್ಪ ಹಣ್ಣಿನ ಜಾಮು, ಹಾಲು, ಅಷ್ಟೇ. ಯೊಂಗ್ಹೊ-ದೊಂಗ್‌ನ ಕಡೆ ಇದೇ ಕಾಳಿನಿಂದ ತಾನ್‌ಪಾತ್‌ಜುಕ್ ಎಂಬ ಬಿಸಿ ಗಂಜಿಯನ್ನೂ ಮಾಡುತ್ತಾರೆ. ಮಾಲ್‌ಬೊಕ್ ದಿನ ಊರಿಗೆ ಊರೇ ಬಿಸಿ ಕೋಳಿ ಸಾರಿಗೆ ಸಾಲು ನಿಂತಿತ್ತು. ಸೆಕೆಯನ್ನು ಬಿಸಿಯಿಂದಲೇ ಗೆಲ್ಲಬೇಕೆಂಬುದು ಅವರ ಗಾದೆ. ನಾವು ಒಂದು ಬಟ್ಟಲು ಬಿಸಿ ಕಾಳಿನ ಗಂಜಿ, ಒಂದು ಪಾತ್‌ಬಿಂಗ್ಸು ತರಿಸಿ, ಒಂದು ಚಮಚ ಅದು, ಎರಡು ಚಮಚ ಇದು ಎಂದು ತಿಂದೆವು. ಒಂದೇ ಕಾಳು ಬಿಸಿಯಲ್ಲಿ ಮಣ್ಣಿನ ವಾಸನೆ ಕೊಡುತ್ತದೆ, ತಣ್ಣಗಾದಾಗ ಒಳಗಿನ ಸಿಹಿ ಮುಂದೆ ಬರುತ್ತದೆ. ಹನ್ನೊಂದು ದಿನಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ತೃಪ್ತಿ ಕೊಟ್ಟ ಊಟ ಅದು, ಇಬ್ಬರಿಗೂ ಸೇರಿ ಹತ್ತು ಸಾವಿರ ವೋನ್ ಆಗಲಿಲ್ಲ. ನಾಂಪೊ-ದೊಂಗ್ ಮಾರುಕಟ್ಟೆಯ ಸಂದಿಯಲ್ಲಿ ಇನ್ನೂ ಕಡಿಮೆ ಬೆಲೆಯ ಒಂದು ಗಾಡಿಯಿದೆ. ಅದರ ಗುರುತನ್ನು ಮಾತ್ರ ಕೊಡಲಾರೆ. ಮರುದಿನ 15ರ ರಜೆಯಲ್ಲಿ ಎಲ್ಲ ಕಡೆ ಒಂದು ಗಂಟೆಯ ಸಾಲಿದ್ದಾಗ ನಮಗೆ ಅಲ್ಲಿ ಹತ್ತೇ ನಿಮಿಷದಲ್ಲಿ ಜಾಗ ಸಿಕ್ಕಿತು.

ರಜೆಯ ಆ ದಿನವೇ ಒಂದು ಪ್ರಯೋಗವನ್ನೂ ಮಾಡಿದೆ. ಅಂಗಡಿಗಳಲ್ಲಿ ಕಪ್ಪುಗಳಲ್ಲಿ ತುಂಬಿ ಮಾರುವ ಪಾತ್‌ಬಿಂಗ್ಸುವಿಗೆ ಹಾಲು ಸುರಿದು ಕಲಸಿ ತಿನ್ನುವುದು ಅಲ್ಲಿನ ಮಕ್ಕಳಿಗೂ ಗೊತ್ತು, ಬಾಳೆಹಣ್ಣಿನ ಹಾಲು ಸುರಿದರೆ ಇನ್ನೂ ರುಚಿ. 1974ರಿಂದ ಮಾರಾಟದಲ್ಲಿರುವ ಆ ಡೊಳ್ಳುಹೊಟ್ಟೆಯ ಬಾಟಲಿಯನ್ನು ನೋಡದವರಿಲ್ಲ. ನಾನು ಮನೆಯಿಂದ ಕಾಲು ಕಿಲೋ ರಾಗಿ ಹುರಿಹಿಟ್ಟು ಮತ್ತು ಚಿಕ್ಕ ಬಾಟಲಿಯಲ್ಲಿ ಜೋನಿ ಬೆಲ್ಲ ಒಯ್ದಿದ್ದೆ. ಅವರ ಮಿಸುಟ್‌ಗಾರು ಎಂಬ ಹುರಿದ ಧಾನ್ಯಗಳ ಹಿಟ್ಟು ಬಿಂಗ್ಸುವಿನ ಮೇಲೆ ಬರುವುದಾದರೆ ನಮ್ಮ ಹುರಿಹಿಟ್ಟು ಏಕೆ ಬರಬಾರದು? ಕಪ್ಪನ್ನು ಐದಾರು ನಿಮಿಷ ಹೊರಗಿಟ್ಟು, ಹಾಲು ಸುರಿದು, ಒಂದೂವರೆ ಚಮಚ ಹುರಿಹಿಟ್ಟು ಉದುರಿಸಿದೆ. ಎರಡು ಚಮಚವಾದರೆ ಗಂಟು ಕಟ್ಟುತ್ತದೆ. ಜೋನಿ ಬೆಲ್ಲ ಐಸಿಗೆ ತಾಗಿದೊಡನೆ ದಪ್ಪನಾಗಿ ಎಳೆ ಎಳೆಯಾಗಿ ನಿಂತಿತು, ಹಲ್ಲಿಗೆ ಮಿಠಾಯಿಯಂತೆ ಅಂಟಿ ಕರಗಿತು. ಮೂರು ಸಾವಿರ ವೋನಿನ ಕಪ್ಪು ಎಂದು ಯಾರೂ ನಂಬುವಂತಿರಲಿಲ್ಲ. ಹಸಿರು ಚಹಾದ ಬಿಂಗ್ಸುವನ್ನು ರಾತ್ರಿ ಒಂಬತ್ತಕ್ಕೆ ತಿಂದ ಪ್ರಯೋಗ ಕೆಟ್ಟಿತು; ಬೆಳಗಿನ ಮೂರರವರೆಗೆ ನಿದ್ದೆಯಿಲ್ಲ. ಕಟ್ಟಿಸಿಕೊಂಡು ಅರಮನೆಯ ನೆರಳಿಗೆ ಒಯ್ಯುವ ಪ್ರಯೋಗವೂ ಕೆಟ್ಟಿತು. ಕಾಲು ಗಂಟೆಯಲ್ಲಿ ಎಲ್ಲವೂ ಪಾಯಸ.

16ರಂದು ಗ್ಯೊಂಗ್ಜುವಿಗೆ ಹೋದದ್ದು ಸೊಕ್‌ಬಿಂಗೊ ನೋಡುವುದಕ್ಕೆ. 1738ರಲ್ಲಿ ಕಟ್ಟಿದ ಕಲ್ಲಿನ ಐಸುಮನೆಯದು, ಅರ್ಧ ನೆಲದೊಳಗೆ, ಮೇಲೆ ಹುಲ್ಲಿನ ಗುಡ್ಡ, ಕಮಾನಿನ ಚಾವಣಿಯಲ್ಲಿ ಗಾಳಿಕಿಂಡಿಗಳು, ಕರಗಿದ ನೀರು ಹರಿದುಹೋಗಲು ಇಳಿಜಾರಿನ ನೆಲ. ಹಳೆಯ ಸಿಲ್ಲಾ ರಾಜ್ಯದ ರಾಜ ಜಿಜುಂಗ್ ಕ್ರಿ.ಶ. 505ರಲ್ಲೇ ಐಸು ಕೂಡಿಡಲು ಆಜ್ಞೆ ಮಾಡಿದನೆಂದು ಅವರ ಹಳೆಯ ಚರಿತ್ರೆ ಹೇಳುತ್ತದೆ. ಒಳಗೆ ಬಿಡುವುದಿಲ್ಲ, ಸರಳುಗಳ ಬಾಗಿಲಿಗೆ ಮುಖವಿಟ್ಟು ನಿಂತೆ. ಚಳಿಗಾಲದಲ್ಲಿ ಕೊಯ್ದ ಐಸನ್ನು ಬೇಸಿಗೆಯವರೆಗೆ ಕಾಪಾಡಿದವರ ಶ್ರಮವನ್ನು ನೆನೆದಾಗ, ಕಿಯಾಸ್ಕಿನಲ್ಲಿ ಬೆರಳೊತ್ತಿ ಐಸು ಪಡೆಯುವ ನನ್ನ ಸುಖ ದೊಡ್ಡದೆನಿಸಿತು.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹತ್ತೊಂಬತ್ತು ಬೋಗುಣಿಗೆ ಒಟ್ಟು ಸುಮಾರು 1,75,000 ವೋನ್ ಆಯಿತು. ಆಗಿನ ದರದಲ್ಲಿ ಹನ್ನೊಂದು ಸಾವಿರ ರೂಪಾಯಿಯ ಆಸುಪಾಸು. ಹಿಂದಿನ ವರ್ಷ ತಿಂದಂಥ ಹೋಟೆಲಿನ ಬೋಗುಣಿಯನ್ನು ಎರಡು ಬಾರಿ ತಿಂದಿದ್ದರೆ ಅದಕ್ಕಿಂತ ಹೆಚ್ಚಾಗುತ್ತಿತ್ತು. ಮಧ್ಯಾಹ್ನ ಇಬ್ಬರೂ ಮಾಂಸವಿಲ್ಲದ ಬಿಬಿಂಬಾಪ್ ತಿಂದಿದ್ದರೆ ದಿನಕ್ಕೆ ಇಪ್ಪತ್ತೆರಡು ಸಾವಿರ ವೋನ್ ಹೋಗುತ್ತಿತ್ತು. ಒಂದು ಬೋಗುಣಿಯನ್ನು ಹಂಚಿಕೊಂಡದ್ದರಿಂದ ಅದರ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಆದರೆ ಕೆಲವು ಕೆಫೆಗಳಲ್ಲಿ ತಲೆಗೊಂದು ತರಿಸಬೇಕೆಂಬ ನಿಯಮವಿರುತ್ತದೆ. ಬಾಗಿಲಲ್ಲಿ ಬರೆದದ್ದನ್ನು ಪಪಾಗೊ ಎಂಬ ಅನುವಾದದ ಆ್ಯಪ್‌ನಲ್ಲಿ ಓದಿಕೊಂಡೇ ಒಳಗೆ ಕಾಲಿಡಿ. ನಾನು ಒಮ್ಮೆ ಓದದೆ ಹೋಗಿ, ಬೇಡದ ಕಾಫಿಗೆ ಆರು ಸಾವಿರ ಕೊಟ್ಟೆ.

ಕೊನೆಯ ದಿನದ ಬೋಗುಣಿಯನ್ನು ಸೋಲ್‌ನ ಇಚೊನ್-ದೊಂಗ್‌ನಲ್ಲಿರುವ ದೊಂಗ್‌ಬಿಂಗೊ ಎಂಬ ಅಂಗಡಿಗೆಂದೇ ಉಳಿಸಿದ್ದೆ. ಜೋಸನ್ ಅರಸರ ಕಾಲದಲ್ಲಿ ಹಾನ್ ನದಿಯ ದಡದಲ್ಲಿ ಎರಡು ಐಸುಮನೆಗಳಿದ್ದವು: ದೊಂಗ್‌ಬಿಂಗೊದ ಐಸು ಅರಮನೆಯ ಪೂಜೆಗೆ, ಸೊಬಿಂಗೊದ್ದು ಅಡುಗೆಮನೆಗೂ ಅಧಿಕಾರಿಗಳಿಗೂ. ಪೂಜೆಯ ಐಸಿನ ಹೆಸರು ಹೊತ್ತ ಅಂಗಡಿಯಲ್ಲಿ ಬೋಗುಣಿ ಚಿಕ್ಕದು, ಕಾಳು ಹೇರಳ. ಹಣ್ಣಿನ ಸಾಲು ಮುಗಿಸಿ ಮತ್ತೆ ಬರಿಯ ಕಾಳಿಗೆ ಮರಳಿದ್ದೆವು. ಮೊದಲ ದಿನ ಗಮನಿಸದಿದ್ದ ಉಪ್ಪಿನ ಸಣ್ಣ ಎಳೆ ಈ ಬಾರಿ ಇಬ್ಬರ ನಾಲಿಗೆಗೂ ಒಟ್ಟಿಗೆ ಸಿಕ್ಕಿತು. ಪತ್ನಿ ಮಾತಾಡದೆ ನನ್ನತ್ತ ನೋಡಿ, ಬೋಗುಣಿಯ ತಳದಲ್ಲಿ ಉಳಿದಿದ್ದ ಏಳೆಂಟು ಕಾಳನ್ನು ಎರಡು ಪಾಲು ಮಾಡಿದಳು.