ಜೆಟ್ಟಿಯಲ್ಲಿ ಗಾಳ ಹಾಕುವ ಮುನ್ನ ಕ್ಯಾಲೆಂಡರ್ ನೋಡಿ

ಹಿಡಕಲ್ ಹಿನ್ನೀರಲ್ಲೋ ಮಲಪ್ರಭೆಯ ದಂಡೆಯಲ್ಲೋ ಗಾಳ ಹಾಕಿ ರೂಢಿ ಇರುವವರು ಬೆಳಗಾವಿ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರೇ ಮಕ್ಕಳನ್ನು ಕರೆದುಕೊಂಡು ಚೋರ್ಲಾ ಘಾಟ್ ಇಳಿದು ಗೋವಾಕ್ಕೋ, ಇಲ್ಲವೇ ಕಾರವಾರಕ್ಕೋ ಹೋದಾಗ ಜೆಟ್ಟಿಯ, ಅಂದರೆ ದೋಣಿ ನಿಲ್ಲಿಸುವ ಕಟ್ಟೆಯ ಮೇಲೆ ತಾಸುಗಟ್ಟಲೆ ಕೂತರೂ ಏನೂ ಸಿಗದೆ ಬರುವುದುಂಟು. ಕೋಲು, ದಾರ ಎಲ್ಲ ಸರಿಯೇ ಇರುತ್ತದೆ. ತಪ್ಪಿರುವುದು ಹೊತ್ತು.

ಹಾಗಾಗಿ ಮೊದಲ ಕೆಲಸ ಮನೆಯಲ್ಲೇ ಆಗಬೇಕು. ಸಮುದ್ರದಲ್ಲಿ ಮೀನು ನೀರಿನ ಏರಿಳಿತದ ಜೊತೆ ಓಡಾಡುತ್ತದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ (ನೀರು ಪೂರ್ತಿ ಏರುವುದು), ಎರಡು ಇಳಿತ. ಭರತದಿಂದ ಇಳಿತಕ್ಕೆ ಸುಮಾರು 6 ತಾಸು. ಮರುದಿನ ಅದೇ ಭರತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಇವತ್ತು ಮಧ್ಯಾಹ್ನ 3ಕ್ಕೆ ಇದ್ದರೆ ನಾಳೆ 3.50ರ ಹೊತ್ತಿಗೆ. ಆ ಊರಿನ ವೇಳೆ ಮೊಬೈಲಿನಲ್ಲೇ ಸಿಗುತ್ತದೆ. ನೀರು ಏರುವಾಗ ಸಿಗಡಿ, ಏಡಿ, ಮರಿಮೀನು ಜೆಟ್ಟಿಯ ಕಂಬಗಳ ಹತ್ತಿರ ಬರುತ್ತವೆ. ಅವನ್ನು ತಿನ್ನಲು ದೊಡ್ಡ ಮೀನು ಬರುತ್ತವೆ. ಭರತಕ್ಕೆ ಎರಡು ತಾಸು ಮುಂಚೆ ಗಾಳ ಇಳಿಸಿ. ನೀರು ನಿಂತ ಹೊತ್ತಿನಲ್ಲಿ ಬುತ್ತಿ ಬಿಚ್ಚಿ.

ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿಯನ್ನೂ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಸೆಳೆತ ಜಾಸ್ತಿ. ಸೀಸದ ಗುಂಡು ಒಂದು ಕಡೆ ನಿಲ್ಲುವುದಿಲ್ಲ. ಅಷ್ಟಮಿಯ ಹೊತ್ತಿಗೆ ನೀರು ಸೌಮ್ಯ. ಮಕ್ಕಳ ಜೊತೆ ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಅಷ್ಟಮಿಯ ಹತ್ತಿರದ ಭಾನುವಾರವನ್ನೇ. ಮಳೆಗಾಲ ಮಾತ್ರ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ, ಅಲ್ವಾ?

ಸಾಮಾನು ಜಾಸ್ತಿ ಬೇಕಿಲ್ಲ. ಏಳೆಂಟು ಅಡಿಯ ಕೋಲು, ರೀಲು ಇದ್ದರೆ ಸಾಕು. ಮಕ್ಕಳಿಗೆ ಬಾಟಲಿಗೆ ಸುತ್ತಿದ ಕೈದಾರವೇ ವಾಸಿ, ಮೀನು ಮುಟ್ಟಿದ್ದು ಬೆರಳಿಗೇ ಗೊತ್ತಾಗುತ್ತದೆ. ದಾರದ ತುದಿಗೆ ಸೀಸ ಕಟ್ಟಿ. ಅದಕ್ಕಿಂತ ಒಂದು ಅಡಿ ಮೇಲೆ ಚಿಕ್ಕ ಎಳೆಯಲ್ಲಿ ಗಾಳ ಕಟ್ಟಿ. ಗಂಟು ಬಿಗಿಯುವ ಮುಂಚೆ ನೀರು ಹಚ್ಚಿ. ಒಣಗಂಟು ಎಳೆದರೆ ನೈಲಾನ್ ಬಿಸಿಯಾಗಿ ಸೋಲುತ್ತದೆ. ಮಕ್ಕಳ ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ. ಬೆರಳಿಗೆ ಚುಚ್ಚಿದರೂ ಸುಲಭವಾಗಿ ಬಿಡಿಸಬಹುದು.

ನಮ್ಮ ಎರೆಹುಳು ಉಪ್ಪುನೀರಿನಲ್ಲಿ ಬೇಗ ಸಾಯುತ್ತದೆ, ಹಿಟ್ಟಿನ ಉಂಡೆ ಕರಗುತ್ತದೆ. ಅಲ್ಲಿನ ಮಾರ್ಕೆಟ್‌ನಲ್ಲೇ ಸ್ವಲ್ಪ ಸಿಗಡಿ ಕೊಳ್ಳಿ. ಸಿಪ್ಪೆ ತೆಗೆದು, ಗಾಳದಷ್ಟೇ ಉದ್ದದ ತುಂಡು ಚುಚ್ಚಿ. ದೂರ ಎಸೆಯುವ ಆಸೆ ಬೇಡ. ಮೀನು ಕಂಬದ ಬುಡದಲ್ಲೇ ಇರುತ್ತದೆ. ಸೀಸ ತಳ ಮುಟ್ಟಿದ ಮೇಲೆ ದಾರ ಬಿಗಿಯಾಗುವಷ್ಟು ಎಳೆದುಕೊಂಡು ಕಾಯಿರಿ. ಎಸೆಯಲೇಬೇಕೆಂದರೆ ಮೊದಲು ಹಿಂದೆ ಯಾರಿದ್ದಾರೆ ನೋಡಿ.

ಎಲ್ಲ ಜೆಟ್ಟಿಯಲ್ಲೂ ಬಿಡುವುದಿಲ್ಲ. ಬೈತಖೋಲದಂಥ ಮೀನುಗಾರಿಕೆ ಬಂದರಿನಲ್ಲಿ ದೋಣಿಯವರ ಕೆಲಸಕ್ಕೆ ಅಡ್ಡ ಬರಬಾರದು. ಅಲ್ಲಿಯವರನ್ನು ಕೇಳಿಯೇ ಕೂರಿ. ಕಾರವಾರದ ನೌಕಾನೆಲೆಯ ಹತ್ತಿರ ಹೋಗಲೇಬೇಡಿ. ಮಕ್ಕಳಿಗೆ ಲೈಫ್ ಜಾಕೆಟ್ ಹಾಕಿಸಿ. ಪಾಚಿ ಕಟ್ಟಿದ ಮೆಟ್ಟಿಲಿನಿಂದ ದೂರ ಇಡಿ.

ಸಿಕ್ಕ ಮೀನನ್ನು ಮಕ್ಕಳು ತಟ್ಟನೆ ಹಿಡಿಯಲು ಬಿಡಬೇಡಿ. ಮೀಸೆ ಇರುವ ಕಡಲ ಮೀನಿನ ಬೆನ್ನಿನಲ್ಲೂ ಎರಡು ಪಕ್ಕದಲ್ಲೂ ವಿಷದ ಮುಳ್ಳಿರುತ್ತದೆ. ಚುಚ್ಚಿದರೆ ಸುಡದಷ್ಟು ಬಿಸಿನೀರಿನಲ್ಲಿ ಕೈ ಇಡಿ, ನೋವು ತಗ್ಗುತ್ತದೆ. ಆಮೇಲೆ ಡಾಕ್ಟರ್ ಹತ್ತಿರ ಹೋಗಿ. ಚೆಂಡಿನಂತೆ ಉಬ್ಬುವ ಮೀನು ಸಿಕ್ಕರೆ ವಾಪಸ್ ಬಿಡಿ. ಅದರ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಮರಿಗಳನ್ನೂ ಕೈ ಒದ್ದೆ ಮಾಡಿಕೊಂಡು ಹಿಡಿದು ನೀರಿಗೇ ಬಿಡಿ.

ಉಳಿದ ಮೀನನ್ನು ಕೂಡಲೇ ಐಸ್‌ನಲ್ಲಿ ಹಾಕಿ. ಘಾಟ್ ಹತ್ತಿ ಮನೆ ಮುಟ್ಟುವವರೆಗೂ ಐಸ್ ಕರಗದಂತೆ ಡಬ್ಬಿ ಮುಚ್ಚಿಡಿ. ತುಂಡಾದ ದಾರವನ್ನು ಅಲ್ಲಿ ಬಿಡದೆ ಚೀಲಕ್ಕೆ ಹಾಕಿಕೊಳ್ಳಿ, ಹಕ್ಕಿಗಳ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ರೀಲನ್ನು ಅದೇ ರಾತ್ರಿ ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಉಪ್ಪು ಉಳಿದರೆ ಮುಂದಿನ ಸಲಕ್ಕೆ ರೀಲು ತಿರುಗುವುದಿಲ್ಲ.