ಅಡಿಕೆ ಬುಡದ ಗೊಬ್ಬರ ಕಣಿ ಪಾಲಾಗದ ಹಾಗೆ ನೋಡಿಕೊಳ್ಳೋದು ಹೇಗೆ?

ಉಡುಪಿ ಕಡೆ ವರ್ಷಕ್ಕೆ ಹೆಚ್ಚುಕಮ್ಮಿ 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆದರೂ ಮೊದಲ ಮಳೆ ಬಿದ್ದ ಕೂಡಲೇ ಅಡಿಕೆ ಬುಡಕ್ಕೆ ಯೂರಿಯಾ, ಪೊಟ್ಯಾಷ್ ಎರಚುವವರು ಎಷ್ಟೋ ಜನ. ನಾನೂ ಕೆಲವು ವರ್ಷ ಹಾಗೇ ಮಾಡಿದ್ದೆ. ಎರಡು ದಿನ ಬಿಡದೆ ಮಳೆ ಹೊಡೆದರೆ ಆ ಗೊಬ್ಬರದ ದೊಡ್ಡ ಪಾಲು ಕಣಿಗೆ, ಅಂದರೆ ತೋಟದ ನೀರು ಹೋಗುವ ಕಾಲುವೆಗೆ, ಇಳಿದು ತೋಡು ಸೇರುತ್ತದೆ, ಇಲ್ಲವೇ ಬಾವಿಗೆ ಇಳಿಯುತ್ತದೆ. ಕುಡಿಯುವ ನೀರಿನ ಬಾವಿ ತೋಟದ ಪಕ್ಕದಲ್ಲೇ ಇರೋದು ಅಲ್ವಾ?

ನಮ್ಮ ಕೆಂಪುಕಲ್ಲಿನ ಮಣ್ಣಿಗೆ ಹಿಡಿದಿಡುವ ಶಕ್ತಿ ಕಮ್ಮಿ. ಯೂರಿಯಾ ಮಣ್ಣಲ್ಲಿ ನೈಟ್ರೇಟ್ ಆದ ಮೇಲೆ ನೀರು ಹೋದ ಕಡೆ ಹೋಗುತ್ತದೆ, ಪೊಟ್ಯಾಷ್ ಕೂಡ ಬೇಗ ತೊಳೆದುಹೋಗುತ್ತದೆ. ರಂಜಕದ್ದು ಉಲ್ಟಾ. ಅದು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂಗೆ ಅಂಟಿಕೊಂಡು ಅಲ್ಲೇ ಕೂರುತ್ತದೆ, ಬೇರಿಗೆ ಸಿಗುವುದಿಲ್ಲ. ಓಡುವುದನ್ನು ಹಿಡಿಯಲು ಇದ್ದಿಲು, ಸೊಪ್ಪು ಬೇಕು. ಕೂತದ್ದನ್ನು ಬೇರಿಗೆ ಮುಟ್ಟಿಸಲು ಬೇರಿನ ಶಿಲೀಂಧ್ರ ಬೇಕು.

ಇದ್ದಿಲು ನಮಗೆ ಹೊಸದೇನಲ್ಲ. ಮಲ್ಲಿಗೆಗೆ, ತರಕಾರಿಗೆ ಸುಡುಮಣ್ಣು ಹಾಕುತ್ತಾರಲ್ಲ, ತರಗೆಲೆ ಕಡ್ಡಿಕಸ ರಾಶಿ ಮಾಡಿ ಮೇಲೆ ಮಣ್ಣು ಮುಚ್ಚಿ ನಿಧಾನ ಬೇಯಿಸುವುದು, ಅದರಲ್ಲಿ ಉಳಿಯುವ ಕರಿ ತುಂಡುಗಳೇ ಇದು. ನಾನು ಏಪ್ರಿಲ್‌ನಲ್ಲಿ ಗೆರಟೆ (ತೆಂಗಿನ ಚಿಪ್ಪು), ಒಣ ಅಡಿಕೆ ಸಿಪ್ಪೆ ಗುಂಡಿಯಲ್ಲಿ ಸುಡುತ್ತೇನೆ. ಬೂದಿ ಆಗುವ ಮೊದಲೇ ನೀರು ಹೊಯ್ದು ನಂದಿಸಬೇಕು. ಒದ್ದೆ ಇರುವಾಗಲೇ ಕಡಲೆ ಗಾತ್ರಕ್ಕೆ ಕುಟ್ಟಿ, ಧೂಳು ಏಳುವುದಿಲ್ಲ. ಆದರೆ ಅದನ್ನು ನೇರ ಬುಡಕ್ಕೆ ಹಾಕಲೇಬೇಡಿ. ಹೊಸ ಇದ್ದಿಲು ಮೊದಲು ಮಣ್ಣಿನ ಸಾರಜನಕವನ್ನೇ ಹೀರಿಕೊಂಡು ಗಿಡ ಬಿಳಿಚಿಕೊಳ್ಳಬಹುದು. ಗೋಮೂತ್ರ ಅಥವಾ ಸೆಗಣಿ ನೀರಲ್ಲಿ 15 ದಿನ ನೆನೆಸಿ, ಹತ್ತು ಬುಟ್ಟಿ ಹಟ್ಟಿಗೊಬ್ಬರಕ್ಕೆ ಒಂದು ಬುಟ್ಟಿಯಂತೆ ಬೆರೆಸಿ ಹಾಕಿ, ಮೇಲೆ ದಪ್ಪಕ್ಕೆ ಸೊಪ್ಪು ಮುಚ್ಚಿ. ಕಳೆದ ದೀಪಾವಳಿ ಹೊತ್ತಿಗೆ ಒಂದು ಬುಡದ ಸೊಪ್ಪು ಸರಿಸಿ ನೋಡಿದೆ. ಒಂದು ಗೆರಟೆ ಇದ್ದಿಲಿಗೆ ಬಿಳಿ ಬೇರು ಎಷ್ಟು ಬಿಗಿಯಾಗಿ ಸುತ್ತಿಕೊಂಡಿತ್ತು ಅಂದರೆ, ಬೇರು ಕಡಿಯದೆ ತುಂಡು ಬಿಡಿಸಲು ಆಗಲಿಲ್ಲ.

ಮಣ್ಣು ಪರೀಕ್ಷೆಯಲ್ಲಿ ಹುಳಿ ಅಂತ ಬಂದರೆ ಮಳೆಗೆ ಮೊದಲೇ ಚಿಪ್ಪಿನ ಸುಣ್ಣ ಅಥವಾ ಡೋಲೊಮೈಟ್ ಕೊಡಿ. ಯೂರಿಯಾ, ಹಟ್ಟಿಗೊಬ್ಬರದ ಜೊತೆ ಮಾತ್ರ ಬೇಡ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮೂರು ವಾರ ಬಿಡಿ.

ಇನ್ನು ಶಿಲೀಂಧ್ರ. ಅಂಗಡಿಯಲ್ಲಿ ಮೈಕೊರೈಜಾ ಅಂತ ಕೇಳಿ. ಇದು ಜೀವ ಇರುವ ಬೇರಿನೊಳಗೆ ಸೇರಿ, ಬೇರು ಹೋಗಲಾಗದ ಸಂದಿಗೂ ಎಳೆ ಚಾಚಿ ರಂಜಕ ತಂದುಕೊಡುತ್ತದೆ. ಹಾಗಾಗಿ ಗೊಬ್ಬರದ ಗುಂಡಿಗೆ ಸುರಿದರೆ ದುಡ್ಡು ದಂಡ. ಟ್ರೈಕೊಡರ್ಮಾ ಅನ್ನುವ ಶಿಲೀಂಧ್ರ ಬೇರೆ, ಅದನ್ನು ಹಟ್ಟಿಗೊಬ್ಬರ, ಬೇವಿನ ಹಿಂಡಿಯಲ್ಲಿ ಬೆಳೆಸಬಹುದು. ಸೊಪ್ಪಿನಡಿ ಕಾಣುವ ಬಿಳಿ ಬಲೆಯನ್ನು ಮೈಕೊರೈಜಾ ಅಂದುಕೊಳ್ಳಬೇಡಿ, ಅದು ಸೊಪ್ಪು ಕೊಳೆಸುವ ಬೂಷ್ಟು. ಸಸಿ ನೆಡುವಾಗ ಬೇರಿಗೆ ತಾಗುವ ಹಾಗೆ ಗುಂಡಿಗೆ ಹಾಕಿ. ದೊಡ್ಡ ಮರವಾದರೆ ಮಳೆ ಕಮ್ಮಿಯಾದ ಮೇಲೆ ಬುಡ ಮೆಲ್ಲಗೆ ಕೆದಕಿ, ಬಿಳಿ ಬೇರು ಕಂಡಲ್ಲಿ ಪೊಟ್ಟಣದಲ್ಲಿ ಹೇಳಿದಷ್ಟು ಇಟ್ಟು ಮಣ್ಣು ಮುಚ್ಚಿ. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ದಿನಗಳಲ್ಲಿ ಬೇಡ, ಮೈಲುತುತ್ತದ ತಾಮ್ರ ಶಿಲೀಂಧ್ರಕ್ಕೆ ಆಗಿಬರುವುದಿಲ್ಲ. ಬಿಸಿ ಸುಡುಮಣ್ಣಿನ ಜೊತೆಯೂ ಬೇಡ. ಗುಳ್ಳ ಬದನೆ, ಬೆಂಡೆ, ಮಲ್ಲಿಗೆ, ಕಾಳುಮೆಣಸಿಗೆ ಇದು ಹೊಂದುತ್ತದೆ. ಹರಿವೆ, ಮೂಲಂಗಿಗೆ ಸುಮ್ನೆ ಖರ್ಚು ಮಾಡಬೇಡಿ.

ಗೊಬ್ಬರದ ಲೆಕ್ಕವೂ ಸರಿಯಾಗಬೇಕು. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ ಶಿಫಾರಸು ಸಾರಜನಕ 100 ಗ್ರಾಂ, ರಂಜಕ 40, ಪೊಟ್ಯಾಷ್ 140. ಅಂದರೆ ಯೂರಿಯಾ ಸುಮಾರು 220 ಗ್ರಾಂ, ರಾಕ್ ಫಾಸ್ಫೇಟ್ 200, ಎಂಒಪಿ (ಅಂಗಡಿಯಲ್ಲಿ ಸಿಗುವ ಪೊಟ್ಯಾಷ್ ಗೊಬ್ಬರ) 235. ರಂಜಕ ಇದಕ್ಕಿಂತ ಜಾಸ್ತಿ ಆದರೆ ಬೇರು ಶಿಲೀಂಧ್ರವನ್ನು ಹತ್ತಿರ ಸೇರಿಸುವುದಿಲ್ಲ. ಈ ಗೊಬ್ಬರದಲ್ಲಿ ಅರ್ಧವನ್ನು ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ, ಉಳಿದರ್ಧವನ್ನು ಫೆಬ್ರವರಿಯಲ್ಲಿ ನೀರು ಬಿಡುವಾಗ ಹಾಕಿ.

ಬರುವ ಮಳೆಗಾಲದಲ್ಲಿ ಜೋರು ಮಳೆ ನಿಂತ ಕೂಡಲೇ ಕಣಿ ನೀರು ನೋಡಿ. ಕೆಂಪಾಗಿ ಹರಿಯುತ್ತಿದ್ದರೆ ಗೊಬ್ಬರದ ಜೊತೆ ಮೇಲ್ಮಣ್ಣೂ ಹೋಗುತ್ತಿದೆ, ಅಲ್ಲಿ ಇನ್ನಷ್ಟು ಸೊಪ್ಪು ಹಾಸಿ.