ಈಮ್‌ನಲ್ಲಿ ಅಮ್ಮ ಇಟ್ಟ ಕಾಫಿ ಬೀಜ

ಊರಿಂದ ಅಮ್ಮ ಮೊದಲ ಸಲ ಬಂದಾಗ ಇಂಗ್ಲೆಂಡಿನ ಹಳ್ಳಿ ತೋರಿಸೋಣ ಅಂತ ಒಂದು ಟೂರ್ ಬಸ್ಸು ಹತ್ತಿಸಿದ್ದೆ. ಒಂದೇ ದಿನಕ್ಕೆ ಐದು ಹಳ್ಳಿ. ಒಂದೊಂದರಲ್ಲಿ ನಲವತ್ತು ನಿಮಿಷ. ಇಳಿ, ಫೋಟೋ ತೆಗೆ, ಹತ್ತು. ಸಂಜೆ ಮನೆಗೆ ಬಂದು ಕಾಲು ಚಾಚಿ ಕೂತ ಅಮ್ಮ ಕೇಳಿದಳು, "ಮನೆಗಳೆಲ್ಲ ಚೆನ್ನಾಗಿದ್ವು ಕಣೇ. ಆದ್ರೆ ಆ ಊರುಗಳಲ್ಲಿ ಜನ ಇದಾರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಾವು ಒಬ್ಬರನ್ನೂ ಮಾತಾಡಿಸಿರಲಿಲ್ಲ.

ಹೋದ ಆಗಸ್ಟ್‌ನಲ್ಲಿ ಅಮ್ಮ ಮತ್ತೆ ಬಂದಾಗ ಬೇರೆ ಥರ ಮಾಡಿದೆ. ಒಂದೇ ಹಳ್ಳಿ. ಶೆಫೀಲ್ಡ್‌ನ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವುದು, ಒಂದಲ್ಲ ಎರಡಲ್ಲ, ಐದಾರು ಸಲ. ಅಪ್ಪ ಅಮ್ಮನನ್ನು ಇಲ್ಲಿಗೆ ಕರೆಸಿಕೊಳ್ಳುವ ಯಾರಿಗಾದರೂ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಹಳ್ಳಿಯ ಹೆಸರು ಈಮ್. ಇಂಗ್ಲಿಷ್ ಅಕ್ಷರ ನೋಡಿದರೆ 'ಎಯಾಮ್' ಅಂತ ಓದಬೇಕು ಅನಿಸುತ್ತದೆ, ಆದರೆ ಅಲ್ಲಿಯವರ ಬಾಯಲ್ಲಿ ಅದು 'ಈಮ್'. ಡರ್ಬಿಶೈರ್‌ನಲ್ಲಿ, ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳ ನಡುವೆ ಇದೆ. ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಅಂತ 1951ರಲ್ಲಿ ಘೋಷಣೆಯಾದ ಜಾಗ ಇದು. ರಾಷ್ಟ್ರೀಯ ಉದ್ಯಾನ ಅಂದರೆ ನಮ್ಮ ನಾಗರಹೊಳೆ, ಬಂಡೀಪುರದ ಹಾಗೆ ಕಾಡು ಅಂದುಕೊಳ್ಳಬೇಡಿ. ಇಲ್ಲಿ ಅದರೊಳಗೇ ಹಳ್ಳಿ, ಹೊಲ, ಕುರಿ, ಶಾಲೆ ಎಲ್ಲ ಇವೆ. ಶೆಫೀಲ್ಡ್‌ನಿಂದ ಬಕ್ಸ್ಟನ್ ಕಡೆಗೆ ಹೋಗುವ ಬಸ್ಸು ಈ ಊರಿನ ಮೂಲಕವೇ ಹಾಯ್ದು ಹೋಗುತ್ತದೆ. ಬಸ್ಸುಗಳು ಕಡಿಮೆ, ಅದರಲ್ಲೂ ಭಾನುವಾರ. ವಾಪಸ್ ಬರುವ ಹೊತ್ತು ನೋಡಿಕೊಂಡೇ ಹೊರಡಬೇಕು.

ಊರು ಅಂದರೆ ಒಂದು ಉದ್ದ ಬೀದಿ, ಅದರಿಂದ ಕವಲೊಡೆದ ಕೆಲವು ಓಣಿ. ಗುಡ್ಡದ ಓರೆಯ ಮೇಲೆ ಕೂತಿದೆ. ಮನೆಗಳೆಲ್ಲ ಕಂದುಬೂದು ಬಣ್ಣದ ಕಲ್ಲಿನವು. ಹಳೆಯ ಮನೆಗಳ ಮಾಡಿಗೂ ಕಲ್ಲಿನ ಚಪ್ಪಡಿಯೇ ಹೊದಿಕೆ. ಒಂದು ಕಾಲಕ್ಕೆ ಇಲ್ಲಿಯ ಜನ ಸೀಸದ ಅದಿರು ತೆಗೆದು ಬದುಕುತ್ತಿದ್ದರು. ಬೀದಿ ಬದಿಯಲ್ಲಿ ಅಲ್ಲಲ್ಲಿ ಕಲ್ಲುಬಾನಿಗಳಿವೆ. ಸುಮ್ನೆ ಹೂಕುಂಡ ಅಂದುಕೊಂಡು ದಾಟಿ ಹೋಗಬೇಡಿ. 1588ರಲ್ಲಿ ಗುಡ್ಡದ ಊಟೆ ನೀರನ್ನು ಕೊಳವೆಯಲ್ಲಿ ತಂದು ಊರಿಗೆಲ್ಲ ಹಂಚಲು ಇಟ್ಟ ಬಾನಿಗಳು ಅವು. ಅಮ್ಮ ಒಂದರ ಅಂಚು ಸವರಿ, "ನಮ್ಮ ಹಳೇ ಮನೆ ಕೊಟ್ಟಿಗೆ ಮುಂದಿನ ಬಾನಿ ಥರಾನೇ ಇದೆ" ಅಂದಳು.

ಮೊದಲ ದಿನ ಏನೂ ಯೋಜನೆ ಹಾಕಿಕೊಳ್ಳಲಿಲ್ಲ. ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೆವು. ಅಮ್ಮನಿಗೆ ಮಂಡಿನೋವು, ಅದಕ್ಕೇ ನಿಧಾನ. ನಿಧಾನವಾಗಿದ್ದೇ ಒಳ್ಳೆಯದಾಯಿತು, ಓದಲು ಬಿಡುವು ಸಿಕ್ಕಿತು. ಚರ್ಚಿನ ಪಕ್ಕದ ಮನೆಗಳ ಮುಂದೆ ಹಸಿರು ಫಲಕಗಳಿವೆ. ಯಾವ ಮನೆಯಲ್ಲಿ ಯಾರು ಯಾರು ಪ್ಲೇಗಿನಿಂದ ಸತ್ತರು ಅಂತ ಹೆಸರು ಬರೆದಿದ್ದಾರೆ. ನಾನು ಒಂದೊಂದೇ ಹೆಸರು ಓದಿ ಹೇಳುತ್ತಾ ಹೋದೆ.

ಈ ಊರಿನ ಕಥೆ ಆ ಮನೆಯೊಂದರಿಂದಲೇ ಶುರುವಾಗುತ್ತದೆ. 1665ರ ಬೇಸಿಗೆಯ ಕೊನೆಯಲ್ಲಿ ಇಲ್ಲಿಯ ದರ್ಜಿಯೊಬ್ಬನಿಗೆ ಲಂಡನ್ನಿನಿಂದ ಬಟ್ಟೆಯ ಗಂಟು ಬಂತು. ಅಲ್ಲಿ ಆಗ ಪ್ಲೇಗ್. ಬಟ್ಟೆಗೆ ತೇವ ಹಿಡಿದಿತ್ತು. ದರ್ಜಿಯ ಕೈಕೆಳಗಿದ್ದ ಜಾರ್ಜ್ ವಿಕರ್ಸ್ ಗಂಟು ಬಿಚ್ಚಿ ಬೆಂಕಿಯ ಮುಂದೆ ಹರವಿದ. ಬಟ್ಟೆಯಲ್ಲಿದ್ದ ಚಿಗಟಗಳ ಜೊತೆ ಕಾಯಿಲೆಯೂ ಬಂದಿತ್ತು ಅನ್ನುತ್ತಾರೆ. ಸೆಪ್ಟೆಂಬರ್ ಮೊದಲ ವಾರದಲ್ಲೇ ಅವನು ತೀರಿಕೊಂಡ. ಆಮೇಲೆ ಅಕ್ಕಪಕ್ಕದ ಮನೆಯವರು. ಚಳಿಗಾಲದಲ್ಲಿ ಕಾಯಿಲೆ ಕಮ್ಮಿಯಾದ ಹಾಗೆ ಕಂಡು, ಮುಂದಿನ ಬೇಸಿಗೆಗೆ ಮತ್ತೆ ಎದ್ದಿತು.

1666ರ ಜೂನ್‌ನಲ್ಲಿ ಊರಿನವರು ಒಂದು ತೀರ್ಮಾನಕ್ಕೆ ಬಂದರು. ಕಾಯಿಲೆ ಸುತ್ತಲಿನ ಊರುಗಳಿಗೆ ಹರಡದಿರಲಿ ಅಂತ ಯಾರೂ ಊರು ಬಿಟ್ಟು ಹೋಗಬಾರದು. ಪಾದ್ರಿ ವಿಲಿಯಂ ಮಾಂಪೆಸನ್ ಊರಿಗೆ ಬಂದು ಇನ್ನೂ ಎರಡು ವರ್ಷ, ಜನಕ್ಕೆ ಅವರ ಮೇಲೆ ಅಷ್ಟು ನಂಬಿಕೆ ಕೂತಿರಲಿಲ್ಲ. ಚರ್ಚಿನ ಹೊಸ ನಿಯಮಕ್ಕೆ ಒಪ್ಪದೆ ಕೆಲಸ ಕಳೆದುಕೊಂಡಿದ್ದ ಹಳೆಯ ಪಾದ್ರಿ ಥಾಮಸ್ ಸ್ಟ್ಯಾನ್ಲಿ ಅವರ ಜೊತೆ ನಿಂತರು. ಇಬ್ಬರಿಗೂ ಮತದ ವಿಷಯದಲ್ಲಿ ಆಗಿಬರುತ್ತಿರಲಿಲ್ಲ. ಆದರೂ ಜನರ ಮುಂದೆ ಒಟ್ಟಿಗೆ ನಿಂತು ಮಾತಾಡಿದರು. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಅದೇ. ಮಾಂಪೆಸನ್ ತಮ್ಮ ಮಕ್ಕಳನ್ನು ಅದಕ್ಕೂ ಮೊದಲೇ ಹೊರಗೆ ಕಳಿಸಿದ್ದರು. ಹೆಂಡತಿ ಕ್ಯಾಥರೀನ್ ಮಾತ್ರ ಹೋಗಲಿಲ್ಲ. ಆಗಸ್ಟ್‌ನಲ್ಲಿ ಅವರೂ ತೀರಿಕೊಂಡರು, 27 ವರ್ಷ ವಯಸ್ಸು. ಚರ್ಚಿನ ಅಂಗಳದಲ್ಲಿ ಅವರ ಸಮಾಧಿ ಇದೆ, ಎಂಟನೇ ಶತಮಾನದ ಕಲ್ಲಿನ ಶಿಲುಬೆಯ ಹತ್ತಿರವೇ. ಕಾಯಿಲೆ ನಿಲ್ಲುವ ಹೊತ್ತಿಗೆ ಸುಮಾರು 260 ಜನ ಹೋಗಿದ್ದರು.

ಅವತ್ತು ಬಸ್ಸಿಗೆ ಕಾಯುವಾಗ ನೋಟಿಸ್ ಬೋರ್ಡಿನಲ್ಲಿ ಒಂದು ಕೈಬರಹದ ಚೀಟಿ ಕಂಡೆ. ನೀರಿನ ಜಾಗಗಳಿಗೆ ಹೂವಿನ ಅಲಂಕಾರ ಮಾಡುತ್ತಿದ್ದೇವೆ, ಎಸಳು ಅಂಟಿಸಲು ಯಾರು ಬೇಕಾದರೂ ಬನ್ನಿ, ಅಂತ. ಬಾವಿ, ಊಟೆಗಳನ್ನು ಹೂವಿನ ಹಲಗೆಗಳಿಂದ ಅಲಂಕರಿಸುವುದು ಡರ್ಬಿಶೈರ್‌ನ ಪದ್ಧತಿ. ಒಂದೊಂದು ಹಳ್ಳಿಯಲ್ಲಿ ಒಂದೊಂದು ವಾರ ನಡೆಯುತ್ತದೆ. ಈಮ್‌ನಲ್ಲಿ ಆಗಸ್ಟ್ ಕೊನೆಗೆ. ಅಮ್ಮನಿಗೆ ಹೇಳಿದೆ. "ಹೋಗೋಣ" ಅಂದಳು. ಯೋಚನೆಯನ್ನೇ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಹೋದರೆ ಒಂದು ದೊಡ್ಡ ಗ್ಯಾರೇಜು. ಒಳಗೆ ಮೇಜಿನ ಮೇಲೆ ಬಾಗಿಲಷ್ಟು ದೊಡ್ಡ ಮರದ ಹಲಗೆ. ಸುತ್ತ ಏಳೆಂಟು ಜನ, ಬಹಳಷ್ಟು ವಯಸ್ಸಾದ ಹೆಂಗಸರು, ಇಬ್ಬರು ಶಾಲೆಯ ಹುಡುಗರು. ನಾನು ನನ್ನ ಪರಿಚಯ ಹೇಳುವಷ್ಟರಲ್ಲಿ ಒಬ್ಬ ಅಜ್ಜಿ ಅಮ್ಮನಿಗೆ ಕುರ್ಚಿ ಎಳೆದು ಕೊಟ್ಟಾಗಿತ್ತು.

ಕೆಲಸ ಹೀಗೆ. ಹಲಗೆಗೆ ತುಂಬಾ ಮೊಳೆ ಹೊಡೆದಿರುತ್ತಾರೆ, ಮಣ್ಣು ಜಾರದೆ ಹಿಡಿದುಕೊಳ್ಳಲಿ ಅಂತ. ಅದನ್ನು ಕೆಲವು ದಿನ ನೀರಿನಲ್ಲಿ ನೆನೆಹಾಕುತ್ತಾರೆ. ಒಣ ಹಲಗೆ ಮಣ್ಣಿನ ನೀರನ್ನೆಲ್ಲ ಹೀರಿಬಿಡುತ್ತದಲ್ವಾ, ಅದಕ್ಕೆ. ಜೇಡಿಮಣ್ಣಿಗೆ ನೀರು, ಉಪ್ಪು ಹಾಕಿ ಕಾಲಿನಿಂದ ಚೆನ್ನಾಗಿ ತುಳಿದು ಹದ ಮಾಡುತ್ತಾರೆ. ಉಪ್ಪಿದ್ದರೆ ಮಣ್ಣು ಬೇಗ ಒಣಗಿ ಬಿರುಕು ಬಿಡುವುದಿಲ್ಲ. ಅದನ್ನು ಹಲಗೆಯ ಮೇಲೆ ಸಮವಾಗಿ ಮೆತ್ತಿ, ಮೇಲೆ ಚಿತ್ರ ಬರೆದ ಕಾಗದ ಹಾಸಿ, ಗೆರೆಯ ಉದ್ದಕ್ಕೂ ಸೂಜಿಯಿಂದ ಚುಚ್ಚುತ್ತಾರೆ. ಕಾಗದ ತೆಗೆದರೆ ಮಣ್ಣಿನಲ್ಲಿ ಚುಕ್ಕಿಗಳ ಸಾಲು. ಅಮ್ಮನಿಗೆ ಅಷ್ಟು ಸಾಕಾಯಿತು. ಐವತ್ತು ವರ್ಷ ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿ ಹಾಕಿದವಳು.

ಚುಕ್ಕಿಗಳ ಮೇಲೆ ಮೊದಲು ಗೆರೆ ಕೂರಿಸಬೇಕು. ಅದಕ್ಕೆ ಏನು ಬಳಸುತ್ತಾರೆ ಗೊತ್ತಾ? ಕಾಫಿ ಬೀಜ, ಕಾಳುಮೆಣಸು! ಎರಡು ಬಟ್ಟಲು ತಂದು ಮುಂದಿಟ್ಟರು. ನಮ್ಮದು ಚಿಕ್ಕಮಗಳೂರು. ಅಮ್ಮ ಬಟ್ಟಲಿಗೆ ಕೈ ಹಾಕಿ ನಾಲ್ಕು ಬೀಜ ಅಂಗೈಗೆ ಹಾಕಿಕೊಂಡಳು. ಹುರಿದ ಬೀಜ. ಮೂಸಿ ನೋಡಿ, "ಜಾಸ್ತಿ ಹುರಿದುಬಿಟ್ಟಿದಾರೆ" ಅಂದಳು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮ ಊರಲ್ಲಿ ಕಾಫಿ, ಮೆಣಸು ಎರಡೂ ಒಂದೇ ತೋಟದಲ್ಲಿ ಬೆಳೆಯುತ್ತವೆ, ಮೆಣಸಿನ ಬಳ್ಳಿ ನೆರಳಿನ ಮರಕ್ಕೆ ಹಬ್ಬುತ್ತದೆ ಅಂದಾಗ ಎಲ್ಲರೂ ಕೈಯ ಕೆಲಸ ಬಿಟ್ಟು ಕೇಳಿದರು. ಆಮೇಲೆ ಆ ಅಜ್ಜಿ ಗೆರೆ ಕೂರಿಸುವ ಕೆಲಸವನ್ನು ಅಮ್ಮನಿಗೇ ವಹಿಸಿದರು. ಬೀಜದ ಸೀಳು ಮೇಲೆ ಬರಬೇಕೋ ಕೆಳಗೋ ಅಂತ ಅಮ್ಮ ಕೈಸನ್ನೆಯಲ್ಲೇ ಕೇಳಿದಳು. ಕೆಳಗೆ, ಅಂತ ಅವರು ಅಂಗೈ ಮಗುಚಿ ತೋರಿಸಿದರು. ಮುಂದೆ ಅವರಿಬ್ಬರಿಗೆ ನಾನು ಬೇಕಾಗಲಿಲ್ಲ.

ಗೆರೆಯಾದ ಮೇಲೆ ಎಸಳು. ಹಲಗೆಯಲ್ಲಿ ಇದ್ದದ್ದು ಒಂದು ದೊಡ್ಡ ಮರ, ಕೆಳಗೆ ಕುರಿಗಳು. ಕುರಿಗೆ ನಿಜವಾದ ಉಣ್ಣೆ. ಕಾಂಡಕ್ಕೆ ತೊಗಟೆ, ಕಲ್ಲುಹೂವು. ಹುಲ್ಲಿಗೆ ಪಾಚಿ. ಆಕಾಶಕ್ಕೆ ನೀಲಿ ಹೈಡ್ರಾಂಜಿಯಾ. ಹಳದಿಗೆ ಸೇವಂತಿಗೆ, ಚೆಂಡುಹೂ. ಪ್ಲಾಸ್ಟಿಕ್ಕು, ಬಣ್ಣ ಏನೂ ಇಲ್ಲ. ಎಸಳನ್ನು ಒಂದೊಂದಾಗಿ ಕಿತ್ತು ಬೆರಳ ತುದಿಯಿಂದ ಮಣ್ಣಿಗೆ ಒತ್ತಬೇಕು. ಅದರಲ್ಲೂ ಕೆಳಗಿನ ಸಾಲು ಮೊದಲು, ಮೇಲಿನ ಸಾಲು ಅದರ ಮೇಲೆ ಸ್ವಲ್ಪ ಹತ್ತಿ ಕೂರಬೇಕು. ಆಗ ಹಲಗೆ ನಿಲ್ಲಿಸಿದಾಗ ಮಳೆ ನೀರು ಒಳಗೆ ಇಳಿಯದೆ ಹರಿದು ಹೋಗುತ್ತದೆ. ನಾನು ಇದನ್ನು ಅಮ್ಮನಿಗೆ ವಿವರಿಸಲು ಹೊರಟೆ. "ಹೆಂಚು ಹೊದಿಸಿದ ಹಾಗೆ, ಗೊತ್ತಾಯ್ತು ಬಿಡು" ಅಂದಳು.

ಮೂರು ದಿನ ಹೋದೆವು. ಆಕಾಶದ ಒಂದು ಅಂಗೈ ಅಗಲ ಮುಗಿಸಲು ನನಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಕುತ್ತಿಗೆ ನೋವು ಬರುತ್ತದೆ, ಹೋಗುವವರು ಇದನ್ನು ತಿಳಿದಿರಿ. ಉಗುರು ಉದ್ದ ಬಿಟ್ಟಿದ್ದರೆ ಎಸಳು ಹರಿಯುತ್ತದೆ. ಆದರೆ ಹಳ್ಳಿಯ ಮಾತೆಲ್ಲ ನಡೆಯುವುದು ಆ ಹಲಗೆಯ ಸುತ್ತಲೇ. ಯಾರ ಮೊಮ್ಮಗಳಿಗೆ ಕೆಲಸ ಸಿಕ್ಕಿತು, ಮನೆಯ ಬೆಲೆ ಏರಿ ಹುಡುಗರು ಊರಲ್ಲಿ ಉಳಿಯುವುದು ಹೇಗೆ ಕಷ್ಟವಾಗಿದೆ, ಬಸ್ಸು ಇನ್ನೂ ಕಡಿಮೆ ಮಾಡಿದರೆ ಗತಿ ಏನು. ಅಮ್ಮನಿಗೆ ಅನುವಾದ ಮಾಡಿದರೆ, "ಎಲ್ಲ ನಮ್ಮೂರಿನ ಮಾತೇ" ಅನ್ನುತ್ತಿದ್ದಳು.

ನಡುವೆ ಒಂದು ದಿನ ಊರಿನ ಗಡಿಕಲ್ಲು ನೋಡಲು ಹೊರಟೆವು. ಲಿಡ್‌ಗೇಟ್ ಅನ್ನುವ ಓಣಿಯಿಂದ ಮುಂದೆ ಸ್ಟೋನಿ ಮಿಡಲ್ಟನ್ ಕಡೆಗೆ ಕಾಲುದಾರಿ. ಹೊಲಗಳ ನಡುವೆ ಕಲ್ಲುಗೋಡೆ, ದಾಟಲು ಇಕ್ಕಟ್ಟಿನ ಸಂದು. ಮಳೆ ಬಂದ ಮಾರನೇ ದಿನವಾದರೆ ಜಾರುತ್ತದೆ, ಒಳ್ಳೆಯ ಶೂ ಬೇಕೇ ಬೇಕು. ಅಮ್ಮನ ಕೈ ಹಿಡಿದು ನಿಧಾನವಾಗಿ ಹೋದೆ.

ಕಲ್ಲು ನೋಡಲು ಏನೂ ಅಲ್ಲ. ಹುಲ್ಲಿನಲ್ಲಿ ಮಲಗಿದ ಒಂದು ಗುಂಡು. ಮೇಲೆ ಆರು ಕುಳಿ. ಪ್ಲೇಗಿನ ಕಾಲದಲ್ಲಿ ಈಮ್‌ನವರು ಈ ಕುಳಿಗಳಿಗೆ ವಿನೆಗರ್ ತುಂಬಿ ಅದರಲ್ಲಿ ಕಾಸು ಹಾಕುತ್ತಿದ್ದರು, ಕಾಯಿಲೆ ಅಂಟದಿರಲಿ ಅಂತ. ಪಕ್ಕದ ಊರಿನವರು ಊಟದ ಸಾಮಾನು ಇಟ್ಟು ಕಾಸು ತೆಗೆದುಕೊಂಡು ಹೋಗುತ್ತಿದ್ದರು. ಅಮ್ಮ ಬಗ್ಗಿ ಒಂದು ಕುಳಿಗೆ ಹೆಬ್ಬೆರಳು ಇಟ್ಟಳು. ಅಂಚು ನುಣ್ಣಗಿತ್ತು. ಒಳಗೆ ಹಿಂದಿನ ರಾತ್ರಿಯ ಮಳೆ ನೀರು.

ಅಲ್ಲೇ ಗೋಡೆಯ ಮೇಲೆ ಕೂತು ಅಮ್ಮ ತನ್ನ ಅಜ್ಜಿಯ ಕಥೆ ತೆಗೆದಳು. ಆ ಅಜ್ಜಿ ಕಡೂರು ಕಡೆಯವರು. ಚಿಕ್ಕವರಿದ್ದಾಗ ಊರಿಗೆ ಪ್ಲೇಗ್ ಬಂದಿತ್ತಂತೆ. "ಇಲಿ ಬಿತ್ತು ಅಂದ್ರೆ ಸಾಕಿತ್ತಂತೆ ಕಣೇ. ಪಾತ್ರೆ ಪಗಡೆ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗಿ ಗುಡಿಸಲು ಹಾಕೋರು. ತಿಂಗಳುಗಟ್ಟಲೆ ಅಲ್ಲೇ." 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗಲೂ ಜನ ಹೀಗೇ ಊರು ಖಾಲಿ ಮಾಡಿದ್ದರು. ಆಮೇಲೆ ತಾನೇ ಮಲ್ಲೇಶ್ವರ, ಬಸವನಗುಡಿಯ ಅಗಲ ಬೀದಿಗಳಲ್ಲಿ ಮನೆಗಳೆದ್ದದ್ದು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, "ನಮ್ಮೋರು ಬದುಕೋಕೆ ಊರು ಬಿಟ್ರು. ಇವರು ಪಕ್ಕದ ಊರು ಬದುಕಲಿ ಅಂತ ಇಲ್ಲೇ ಉಳಿದ್ರು. ಎರಡೂ ಸುಲಭ ಅಲ್ಲ." ನಾನು ಈ ಊರಿಗೆ ಹತ್ತು ಸಲ ಬಂದಿದ್ದೆ. ಈ ಕಥೆ ಕೇಳಿದ್ದು ಅವತ್ತೇ ಮೊದಲು.

ರೈಲಿ ಅನ್ನುವ ಜಾಗದ ಸಮಾಧಿಗಳಿಗೆ ಅಮ್ಮನನ್ನು ಕರೆದುಕೊಂಡು ಹೋಗಲಿಲ್ಲ, ಏರು ಹೆಚ್ಚು. ಊರಿನ ಪೂರ್ವಕ್ಕೆ, ಗುಡ್ಡದ ಬದಿಯ ಹೊಲದಲ್ಲಿ ದುಂಡನೆಯ ಕಲ್ಲುಗೋಡೆಯೊಳಗೆ ಅವು ಇವೆ. ಎಲಿಜಬೆತ್ ಹ್ಯಾನ್‌ಕಾಕ್ ಅನ್ನುವ ತಾಯಿ 1666ರ ಆಗಸ್ಟ್‌ನಲ್ಲಿ ಎಂಟು ದಿನದೊಳಗೆ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಒಬ್ಬಳೇ ಮಣ್ಣು ಮಾಡಿದ ಜಾಗ. ಹೋಗುವುದಾದರೆ ಗಟ್ಟಿ ಮನಸ್ಸು ಇಟ್ಟುಕೊಂಡು ಹೋಗಿ.

ಮ್ಯೂಸಿಯಂ ಚಿಕ್ಕದು, ಚೊಕ್ಕವಾಗಿದೆ. ಅದರ ಗಾಳಿಸೂಚಿ ಇಲಿಯ ಆಕಾರದ್ದು. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಮೊದಲೇ ವಿಚಾರಿಸಿ. ಚರ್ಚಿನ ಗೋಡೆಯ ಮೇಲೆ 1775ರ ಸೂರ್ಯ ಗಡಿಯಾರ ಇದೆ, ಅದನ್ನು ನೋಡದೆ ಬರಬೇಡಿ. ಸಸ್ಯಾಹಾರಿಗಳಿಗೆ ಚಹಾದಂಗಡಿಯಲ್ಲಿ ಸುಟ್ಟ ಆಲೂಗಡ್ಡೆ, ಮೇಲೆ ಬೀನ್ಸ್ ಸಿಗುತ್ತದೆ. ನಾವು ಚಪಾತಿ ಪಲ್ಯ ಕಟ್ಟಿಕೊಂಡೇ ಹೋಗುತ್ತಿದ್ದೆವು. ಇನ್ನೊಂದು ಮಾತು. ಫಲಕ ಇರುವ ಮನೆಗಳಲ್ಲಿ ಈಗಲೂ ಜನ ವಾಸ ಮಾಡುತ್ತಾರೆ. ಕಿಟಕಿಯೊಳಗೆ ಇಣುಕಬೇಡಿ, ಗೇಟಿನ ಹೊರಗೇ ನಿಂತು ಓದಿ.

ಆಗಸ್ಟ್‌ನ ಕೊನೆಯ ಭಾನುವಾರ ಪ್ಲೇಗ್ ಭಾನುವಾರ. ಕಾಯಿಲೆಯ ಕಾಲದಲ್ಲಿ ಚರ್ಚಿನೊಳಗೆ ಸೇರುವುದು ಬೇಡ ಅಂತ ಮಾಂಪೆಸನ್ ಕಕ್ಲೆಟ್ ಡೆಲ್ಫ್ ಅನ್ನುವ ತಗ್ಗಿನ ಬಯಲಿನಲ್ಲಿ ಪ್ರಾರ್ಥನೆ ನಡೆಸುತ್ತಿದ್ದರು, ಮನೆಮನೆಯವರು ದೂರ ದೂರ ನಿಂತು. ಈಗಲೂ ಆ ನೆನಪಿಗೆ ಜನ ಅಲ್ಲೇ ಸೇರುತ್ತಾರೆ. ನಾವು ಹಿಂದೆ ಹುಲ್ಲಿನ ಮೇಲೆ ಕೂತಿದ್ದೆವು. ಹಾಡು ಶುರುವಾದಾಗ ಅಮ್ಮ ಎದ್ದು ನಿಂತಳು, ಮಂಡಿನೋವಿದ್ದರೂ ಮುಗಿಯುವ ತನಕ ಕೂರಲಿಲ್ಲ. ಗ್ಯಾರೇಜಿನ ಅಜ್ಜಿ ದೂರದಿಂದ ನೋಡಿ ಕೈ ಬೀಸಿದರು.

ಅಮ್ಮ ಹೊರಡುವ ಮುಂಚೆ ಇನ್ನೊಂದು ಸಲ ಹೋಗಿ ಹಲಗೆ ನೋಡಿ ಬಂದೆವು. ಎರಡು ದಿನ ಮಳೆ ಹೊಡೆದಿತ್ತು. ಹೈಡ್ರಾಂಜಿಯಾದ ನೀಲಿ ಕಂದಾಗುತ್ತಿತ್ತು, ಸೇವಂತಿಗೆ ಅಂಚು ಮುದುಡಿತ್ತು. ಕಾಫಿ ಬೀಜದ ಗೆರೆ ಮಾತ್ರ ಹಾಗೇ ಇತ್ತು. ಒಂದೇ ಒಂದು ಬೀಜ ಸ್ವಲ್ಪ ಸಡಿಲವಾಗಿ ಹೊರಗೆ ಬಂದಿತ್ತು. ಅಮ್ಮ ಹತ್ತಿರ ಹೋಗಿ ಅದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು.